ಮೊದಲ ನಕಲು ಡಿಸ್ಕಿನಲ್ಲಿ ಹೋಗಲಿ

ಪ್ರಶ್ನೆ: ನಮ್ಮ ಪ್ರಿಂಟಿಂಗ್ ಪ್ರೆಸ್ ಗದಗ-ಬೆಟಗೇರಿಯಾಗ, ಡಿಸೈನ್ ಆಫೀಸು ಹುಬ್ಬಳ್ಳಿಯಾಗ ಐತಿ. ಅಲ್ಲಿನ ನ್ಯಾಸ್‌ನಾಗಿನ (ನೆಟ್‌ವರ್ಕ್‌ನಾಗ ಫೈಲು ಇಡೋ ಪೆಟ್ಟಿಗಿ) 6 ಟಿಬಿ ಫೈಲು ಇಲ್ಲಿನ ನ್ಯಾಸ್‌ಗೆ ಆರ್‌ಸಿಂಕ್‌ಲೆ (ಬದಲಾದದ್ದನ್ನಷ್ಟ ಕಳಸೋ ತಂತ್ರಾಂಶ) ಕಳಸಾಕ ಹಚ್ಚೇವಿ. ಅಪ್‌ಲೋಡ್ 20 ಎಂಬಿಪಿಎಸ್. ಹನ್ನೆರಡು ದಿನ ಆತು, ಮುಗಿವಲ್ದು. ಬ್ಯಾಕಪ್ ಡಿಸ್ಕ್ ತಂದು ಇಲ್ಲೇ ಇಳಿಸಿಕೊಂಡ್ರ ನಡಿತೈತೇನ್ರಿ?
– ಬೆಟಗೇರಿಯ ಓದುಗರು

ಉತ್ತರ: ನಡೆಯುತ್ತದೆ, ಹಾಗೆಯೇ ಮಾಡಬೇಕು. ನಿಮ್ಮ ಲೈನು ಹಗಲು ರಾತ್ರಿ ಪೂರ್ತಿ ವೇಗದಲ್ಲಿ ಓಡಿದರೂ 6 ಟಿಬಿಗೆ ಸುಮಾರು 28 ದಿನ ಬೇಕು. ಯುಎಸ್‌ಬಿ 3 ಡಿಸ್ಕಿಗೆ ಸೆಕೆಂಡಿಗೆ 120 ಎಂಬಿಯಂತೆ ಅದು 14 ತಾಸಿನ ಕೆಲಸ. ಸಣ್ಣ ಫೈಲು ಬಹಳ ಇದ್ದರೆ ಇನ್ನೂ ಹೆಚ್ಚು. ಈಗ ಓಡುತ್ತಿರುವುದನ್ನು ನಿಲ್ಲಿಸಿ. ಬಂದಷ್ಟು ಫೈಲು ವ್ಯರ್ಥವಾಗುವುದಿಲ್ಲ.

ಆದರೆ ಮೊದಲು ಒಂದು ಲೆಕ್ಕ ಹಾಕಿ. ರಾತ್ರಿ 10 ತಾಸಿನಲ್ಲಿ ಈ ಲೈನು ಹೆಚ್ಚೆಂದರೆ 90 ಜಿಬಿ ಒಯ್ಯುತ್ತದೆ. ದಿನಕ್ಕೆ ಹೊಸದಾಗುವ, ಬದಲಾಗುವ ಫೈಲುಗಳು 90 ಜಿಬಿ ದಾಟುತ್ತಿದ್ದರೆ ಡಿಸ್ಕ್ ತಂದರೂ ಗದಗಿನ ನಕಲು ಹಿಂದೆಯೇ ಉಳಿಯುತ್ತದೆ. ಲೈನನ್ನೇ ದೊಡ್ಡದು ಮಾಡಿಸಬೇಕು.

8 ಟಿಬಿ ಡಿಸ್ಕ್ ಸಾಕು. ಅದನ್ನು ಮೊದಲು ಲಕ್ಸ್‌ನಿಂದ (ಲಿನಕ್ಸ್‌ನ ಡಿಸ್ಕ್ ಬೀಗ) ಎನ್‌ಕ್ರಿಪ್ಟ್ ಮಾಡಿ, ಅದರೊಳಗೆ ಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ವ್ಯವಸ್ಥೆ) ಮಾಡಿ. ಪಾಸ್‌ವರ್ಡ್ ಫೋನಿನಲ್ಲಿ ಹೇಳಿ, ಡಿಸ್ಕಿನ ಮೇಲೆ ಚೀಟಿ ಅಂಟಿಸಬೇಡಿ. ಎಕ್ಸ್‌ಫ್ಯಾಟ್ ಬೇಡ, ಅದರಲ್ಲಿ ಫೈಲಿನ ಮಾಲೀಕ, ಅನುಮತಿ ಉಳಿಯುವುದಿಲ್ಲ. ಬ್ಯಾಕಪ್ ತಂತ್ರಾಂಶ ಕಟ್ಟಿದ ಒಂದೇ ದೊಡ್ಡ ಗಂಟನ್ನು ಹಾಗೇ ಇಟ್ಟರೆ ಆರ್‌ಸಿಂಕ್‌ಗೆ ಒಳಗಿನದು ಕಾಣದು. ಬಿಚ್ಚಿ, ಫೈಲುಗಳಾಗಿಯೇ ಇಳಿಸಬೇಕು.

ಮೌಸ್‌ನಿಂದ ಎಳೆದು ಹಾಕುವುದರಲ್ಲೇ ಹೆಚ್ಚಿನವರು ಕೆಡುತ್ತಾರೆ. ಫೈಲಿಗೆ ಇವತ್ತಿನ ತಾರೀಖು ಬಿದ್ದರೆ ಆರ್‌ಸಿಂಕ್ ಅದನ್ನು ಬದಲಾದ ಫೈಲೆಂದೇ ತಿಳಿದು, ಎರಡೂ ಕಡೆ 6 ಟಿಬಿಯನ್ನು ಓದಿ ಹೋಲಿಸತೊಡಗುತ್ತದೆ. ಡಿಸ್ಕಿಗೆ ಹಾಕುವಾಗಲೂ, ಡಿಸ್ಕಿನಿಂದ ಇಳಿಸುವಾಗಲೂ ಆರ್‌ಸಿಂಕನ್ನೇ ಬಳಸಿ: ಆರ್ಕೈವ್ ಆಯ್ಕೆ (ತಾರೀಖು, ಅನುಮತಿ ಉಳಿಸುವುದು), ಜೊತೆಗೆ ನ್ಯೂಮರಿಕ್-ಐಡಿಸ್ (ಮಾಲೀಕನನ್ನು ಸಂಖ್ಯೆಯಿಂದಲೇ ಗುರುತಿಸುವುದು).

ಪ್ರೆಸ್‌ಗಳಲ್ಲಿ ಹಳೆಯ ಮ್ಯಾಕ್ ಡಿಸ್ಕುಗಳು ಇರುತ್ತವಲ್ಲ, ಎಚ್‌ಎಫ್‌ಎಸ್ ಪ್ಲಸ್‌ನವು, ಅವುಗಳಿಂದ ದೂರವಿರಿ. ಆ ಡಿಸ್ಕು ಕನ್ನಡ ಹೆಸರಿನ ಫೈಲುಗಳಲ್ಲಿ ‘ಕೊ’, ‘ಕೋ’, ‘ಕೀ’ಯಂಥ ಅಕ್ಷರಗಳ ಸ್ವರಚಿಹ್ನೆಯನ್ನು ಒಡೆದು ಬರೆದಿಡುತ್ತದೆ. ಕಣ್ಣಿಗೆ ಹೆಸರು ಒಂದೇ, ಯೂನಿಕೋಡ್ ಸಂಕೇತ ಬೇರೆ. ಆರ್‌ಸಿಂಕ್‌ಗೆ ಅದು ಹೊಸ ಫೈಲು. ಮತ್ತೆ ಪೂರ್ತಿ ಕಳಿಸುತ್ತದೆ, ಗದಗಿನಲ್ಲಿ ಎರಡೆರಡು ಪ್ರತಿ ಕೂಡುತ್ತವೆ.

ಇಳಿಸಿದ ಮೇಲೆ ಹುಬ್ಬಳ್ಳಿಯಿಂದ ಡ್ರೈ-ರನ್ (ಏನೂ ಕಳಿಸದ ತಾಲೀಮು) ಮತ್ತು ಐಟಮೈಜ್-ಚೇಂಜಸ್ (ಬದಲಾವಣೆಗಳ ಪಟ್ಟಿ) ಆಯ್ಕೆಗಳೊಂದಿಗೆ ಒಮ್ಮೆ ಓಡಿಸಿ. ಡಿಸ್ಕ್ ತುಂಬಿಸಿದ ನಂತರದ ಕೆಲಸಗಳಷ್ಟೇ ಪಟ್ಟಿಯಲ್ಲಿ ಬಂದರೆ ಎಲ್ಲ ಸರಿ. ಇಡೀ ಪಟ್ಟಿ ಬಂದರೆ ಮುಂದುವರಿಸಬೇಡಿ. ಮೂಲ ಫೋಲ್ಡರಿನ ಕೊನೆಯ ಓರೆಗೆರೆ ಬಿಟ್ಟಿದ್ದರಿಂದ ಫೋಲ್ಡರಿನೊಳಗೆ ಫೋಲ್ಡರ್ ಆಗಿದೆಯೇ ನೋಡಿ. ಸಾಲಿನಲ್ಲಿ ‘ಟಿ’ ಇದ್ದರೆ ತಾರೀಖು, ‘ಓ’ ಇದ್ದರೆ ಮಾಲೀಕ ತಪ್ಪಿದೆ. ಡಿಲೀಟ್ ಆಯ್ಕೆ ಮೊದಲ ಸಲ ಬೇಡವೇ ಬೇಡ. ಈ ನಾಲ್ಕೈದು ದಿನ ಹುಬ್ಬಳ್ಳಿಯಲ್ಲಿ ಯಾರೂ ಫೋಲ್ಡರ್ ಹೆಸರು ಬದಲಿಸದಂತೆ ಹೇಳಿಡಿ: ಹೆಸರು ಬದಲಾದ 200 ಜಿಬಿ ಫೋಲ್ಡರ್ ಹೊಸ 200 ಜಿಬಿಯಾಗಿ ಲೈನಿನ ಮೇಲೆ ಬರುತ್ತದೆ.

ಪ್ರಶ್ನೆ: ಜೆಡ್‌ಎಫ್‌ಎಸ್ (ಒಂದು ಫೈಲ್ ವ್ಯವಸ್ಥೆ) ಸ್ನ್ಯಾಪ್‌ಶಾಟನ್ನು, ಅಂದರೆ ಒಂದು ಕ್ಷಣದ ಸ್ಥಿರ ಚಿತ್ರವನ್ನು, ಡಿಸ್ಕಿನಲ್ಲಿ ತಂದು ಹಾವೇರಿಯ ಸರ್ವರಿಗೆ ಇಳಿಸಿದೆವು. ಮುಂದಿನ ಇನ್‌ಕ್ರಿಮೆಂಟಲ್ (ಬದಲಾದದ್ದಷ್ಟೇ) ಕಳಿಸಿದರೆ, ಕೊನೆಯ ಸ್ನ್ಯಾಪ್‌ಶಾಟ್ ಹೊಂದುತ್ತಿಲ್ಲವೆಂಬ ದೋಷ.
– ಹಾವೇರಿಯ ಓದುಗರು

ಉತ್ತರ: ಹಾವೇರಿಯ ಸರ್ವರಿನಲ್ಲಿ ಸ್ವಯಂಚಾಲಿತ ಸ್ನ್ಯಾಪ್‌ಶಾಟ್ ಚಾಲೂ ಇದೆಯೇ ನೋಡಿ. ತಂದು ಇಳಿಸಿದ ಸ್ನ್ಯಾಪ್‌ಶಾಟಿನ ಮೇಲೆ ಅದು ತನ್ನದೊಂದನ್ನು ತೆಗೆದಿರುತ್ತದೆ. ಅದನ್ನು ನಿಲ್ಲಿಸಿ, ರಿಸೀವ್‌ಗೆ ‘ಎಫ್’ ಆಯ್ಕೆ ಕೊಟ್ಟರೆ ಹಿಂದಕ್ಕೆ ಸರಿದು ಸ್ವೀಕರಿಸುತ್ತದೆ. ಅಲ್ಲಿ ಯಾರಾದರೂ ಬರೆದ ಫೈಲುಗಳಿದ್ದರೆ ಅಳಿಯುತ್ತವೆ, ಮೊದಲೇ ಬೇರೆಡೆ ಎತ್ತಿಡಿ. ಬಳಿಕ ಆ ಡೇಟಾಸೆಟ್ಟನ್ನು ರೀಡ್‌ಓನ್ಲಿ ಮಾಡಿ.

ಮೂಲದಲ್ಲೇ ಆ ಸ್ನ್ಯಾಪ್‌ಶಾಟ್ ಅಳಿದುಹೋಗಿ, ಅದರ ಬುಕ್‌ಮಾರ್ಕ್ (ದತ್ತಾಂಶವಿಲ್ಲದ ಗುರುತು) ಸಹ ಇಲ್ಲದಿದ್ದರೆ, ಎರಡೂ ಕಡೆ ಹಳೆಯ ಇನ್ನೊಂದು ಸ್ನ್ಯಾಪ್‌ಶಾಟ್ ಸಾಮಾನ್ಯವಾಗಿ ಇರದ ಹೊರತು, ಪೂರ್ತಿ ಮತ್ತೆ ಕಳಿಸಬೇಕು. ಅದೇ ಹೆಸರಿನ ಹೊಸದನ್ನು ತೆಗೆದರೆ ಆಗದು. ಜೆಡ್‌ಎಫ್‌ಎಸ್ ನೋಡುವುದು ಹೆಸರನ್ನಲ್ಲ, ಜಿಯುಐಡಿಯನ್ನು (ಪ್ರತಿ ಸ್ನ್ಯಾಪ್‌ಶಾಟಿನ ವಿಶಿಷ್ಟ ಗುರುತು ಸಂಖ್ಯೆ). ಸ್ನ್ಯಾಪ್‌ಶಾಟ್ ತೆಗೆದ ಕೂಡಲೇ ಅಳಿಯದಂತೆ ‘ಹೋಲ್ಡ್’ ಹಾಕಿಡಿ.

ಪ್ರಶ್ನೆ: ರೋಬೋಕಾಪಿಯಿಂದ (ವಿಂಡೋಸ್‌ನ ನಕಲು ಆದೇಶ) ಮೊದಲೇ ಇಳಿಸಿದ್ದರೂ ಡಿಎಫ್‌ಎಸ್‌ಆರ್ (ವಿಂಡೋಸ್ ಸರ್ವರುಗಳ ಫೋಲ್ಡರುಗಳನ್ನು ಒಂದೇ ರೀತಿ ಇಡುವ ಸೇವೆ) ಎಲ್ಲವನ್ನೂ ಮತ್ತೆ ತರುತ್ತಿದೆ.
– ಧಾರವಾಡದ ಓದುಗರು

ಉತ್ತರ: ಅನುಮತಿಗಳು ಹೊಂದಿಲ್ಲ. ಡಿಎಫ್‌ಎಸ್‌ಆರ್‌ನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಲೆಕ್ಕದಲ್ಲಿ ಎಸಿಎಲ್, ಅಂದರೆ ಅನುಮತಿ ಪಟ್ಟಿ, ಸಹ ಸೇರುತ್ತದೆ. ಮೇಲಿನ ಫೋಲ್ಡರಿನ ಅನುಮತಿಯನ್ನು ಎರಡೂ ಕಡೆ ಒಂದೇ ಮಾಡಿ, ‘ಕಾಪಿಆಲ್’ ಜೊತೆ ‘ಸೆಕ್‌ಫಿಕ್ಸ್’ ಆಯ್ಕೆ ಕೊಟ್ಟು ರೋಬೋಕಾಪಿಯನ್ನು ಮತ್ತೆ ಓಡಿಸಿ. ‘ಡಿಎಫ್‌ಎಸ್‌ಆರ್‌ಪ್ರೈವೇಟ್’ ಫೋಲ್ಡರನ್ನು ಹೊರಗಿಡಿ. ಹತ್ತಿಪ್ಪತ್ತು ಫೈಲುಗಳ ಹ್ಯಾಶ್ ಎರಡೂ ಸರ್ವರಿನಲ್ಲಿ ತಾಳೆಯಾದ ಮೇಲಷ್ಟೇ ರೆಪ್ಲಿಕೇಶನ್ ಆರಂಭಿಸಿ, ಮೂಲ ದತ್ತಾಂಶವಿರುವ ಸರ್ವರನ್ನೇ ಪ್ರೈಮರಿ ಎಂದು ಗುರುತಿಸಿ.