ತಪಾಸಣೆ ಯಾರಿಗೆ?

ಮಾನ್ಯರೇ,

ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಸಮಾಜ ಸುಧಾರಕಿ ಜೋಸೆಫೀನ್ ಬಟ್ಲರ್ ಕುರಿತ ನಮ್ಮ ಲೇಖನಕ್ಕೆ ನೀವು ಬರೆದ ಪತ್ರ ತಲುಪಿದೆ. ಬ್ರಿಟನ್ನಿನ ಸಾಂಕ್ರಾಮಿಕ ರೋಗಗಳ ಕಾಯಿದೆ ಸೈನಿಕರ ಆರೋಗ್ಯಕ್ಕಾಗಿ ಬಂದದ್ದು, ಅದರಲ್ಲಿ ಹೆಣ್ಣು ಗಂಡಿನ ಭೇದ ಕಾಣುವುದು ಈ ಕಾಲದವರ ದೃಷ್ಟಿದೋಷ, ಅಲ್ಲಿನ ಹಳೇ ಜಗಳ ನಮಗೇಕೆ ಎಂದಿದ್ದೀರಿ. ನಾನು ಒಪ್ಪಲಾರೆ. ಆ ಭೇದವನ್ನು ಎತ್ತಿ ತೋರಿಸಿದವರು ಅಂದಿನವರೇ.

ಗುಹ್ಯರೋಗ ಸೈನ್ಯವನ್ನು ಕಾಡುತ್ತಿದ್ದುದು ನಿಜ. ಮೊದಲು ಸೈನಿಕರನ್ನೇ ತಪಾಸಣೆ ಮಾಡುತ್ತಿದ್ದರು. ಅವರಿಗೆ ಅದು ಅವಮಾನವೆನಿಸಿತು, 1859ರಲ್ಲಿ ನಿಲ್ಲಿಸಿದರು. 1864ರಲ್ಲಿ ಈ ಕಾಯಿದೆ ತಂದು ಅದೇ ತಪಾಸಣೆಯನ್ನು ಹೆಂಗಸರ ಮೇಲೆ ಹೇರಿದರು. ರೋಗ ಇಬ್ಬರಿಗೂ ಇರುವಾಗ ಒಬ್ಬರನ್ನೇ ಹಿಡಿದು ನೋಡಿದರೆ ಅದೆಂಥ ಆರೋಗ್ಯ ಕ್ರಮ?

ದಂಡಿನ ಊರುಗಳಲ್ಲಿ, ಬಂದರುಗಳಲ್ಲಿ ಮಫ್ತಿ ಪೊಲೀಸರು ಓಡಾಡುತ್ತಿದ್ದರು. ಇವಳು ವೇಶ್ಯೆ ಎಂದು ಅವರಿಗೆ ಅನ್ನಿಸಿದರೆ ಸಾಕಿತ್ತು. ‘ಸ್ವಇಚ್ಛೆಯಿಂದ ತಪಾಸಣೆಗೆ ಒಪ್ಪಿದ್ದೇನೆ’ ಎಂಬ ಕಾಗದಕ್ಕೆ ಸಹಿ ಹಾಕಬೇಕು, ಇಲ್ಲವೇ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ರೋಗ ಕಂಡರೆ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. 1869ರ ಹೊತ್ತಿಗೆ ಆ ಅವಧಿ 9 ತಿಂಗಳವರೆಗೆ ಬೆಳೆದಿತ್ತು. ಅವಳ ಬಳಿ ಬಂದ ಗಂಡಸಿಗೆ ಈ ಕಾಯಿದೆಯಲ್ಲಿ ಏನೂ ಇರಲಿಲ್ಲ.

ಅಂಥದೇ ದಂಡಿನ ಊರಾದ ಆಲ್ಡರ್‌ಶಾಟ್‌ನಲ್ಲಿ ಮಿಸೆಸ್ ಪರ್ಸಿ ಎಂಬ ವಿಧವೆಯಿದ್ದಳು. ರಂಗದ ಮೇಲೆ ಹಾಡಿ ಮಕ್ಕಳನ್ನು ಸಾಕುತ್ತಿದ್ದವಳು. ಪೊಲೀಸರು ಅವಳನ್ನೂ ಹದಿಹರೆಯದ ಮಗಳನ್ನೂ ತಪಾಸಣೆಗೆ ಬರಹೇಳಿದರು. ಒಪ್ಪದಿದ್ದಾಗ ಅವಳ ಕೆಲಸ ಹೋಯಿತು. ನಿಮ್ಮಂತೆಯೇ ಅವಳೂ ಪತ್ರಿಕೆಗೆ ಪತ್ರ ಬರೆದಳು. 1875ರಲ್ಲಿ ಅವಳ ಹೆಣ ಕಾಲುವೆಯಲ್ಲಿ ಸಿಕ್ಕಿತು. ಇದನ್ನು ಬರೆಯುವಾಗ ಇಂದಿಗೂ ನನ್ನ ಕೈ ತಡೆಯುತ್ತದೆ.

ಸರ್ಕಾರದ ಮಾತೇ ಬೇಕೆಂದರೆ ಈ ಕಾಯಿದೆಯ ಬಗ್ಗೆ ವಿಚಾರಿಸಲು ನೇಮಿಸಿದ್ದ ರಾಯಲ್ ಕಮಿಷನ್ನಿನ 1871ರ ವರದಿ ನೋಡಿ. ವೇಶ್ಯೆಯರನ್ನೂ ಅವರ ಬಳಿ ಹೋಗುವ ಗಂಡಸರನ್ನೂ ಹೋಲಿಸಲಾಗದು, ಹೆಂಗಸು ಹಣಕ್ಕಾಗಿ ತಪ್ಪು ಮಾಡುತ್ತಾಳೆ, ಗಂಡಸಿನದು ಸಹಜ ಪ್ರವೃತ್ತಿ ಎಲ್ಲೆ ಮೀರಿದ್ದಷ್ಟೇ ಎಂದು ಅದರಲ್ಲಿದೆ. ಬಟ್ಲರ್ ಊರೂರು ಸುತ್ತಿ, ಬೈಗುಳ ತಿಂದು, ಕೆಲವೆಡೆ ಕಲ್ಲೇಟಿಗೂ ಎದೆಯೊಡ್ಡಿ ಹೋರಾಡಿದ್ದು ಈ ನಂಬಿಕೆಯ ವಿರುದ್ಧ. ಫ್ಲಾರೆನ್ಸ್ ನೈಟಿಂಗೇಲ್ ಕೂಡ ಪ್ರತಿಭಟನೆಗೆ ಸಹಿ ಹಾಕಿದ್ದರು. 1886ರಲ್ಲಿ ಕಾಯಿದೆ ರದ್ದಾಯಿತು.

ನಮಗೇಕೆ ಎಂದಿರಲ್ಲ, 1868ರಲ್ಲೇ ಇಂಥ ಕಾಯಿದೆ ಭಾರತಕ್ಕೂ ಬಂತು. ನಮ್ಮ ಬೆಂಗಳೂರು ದಂಡಿನಲ್ಲೂ ಗುಹ್ಯರೋಗವಿದೆಯೆಂದು ಹಿಡಿದ ಹೆಂಗಸರನ್ನು ಇರಿಸುವ ‘ಲಾಕ್ ಆಸ್ಪತ್ರೆ’ ಇತ್ತು. ದಂಡಿನ ಹಳೆಯ ಮನೆತನಗಳವರ ಬಳಿ ಅದರ ಬಗ್ಗೆ ಕಾಗದವೋ ಅಜ್ಜಿಯ ಮಾತೋ ಉಳಿದಿದ್ದರೆ ದಯವಿಟ್ಟು ಕಳುಹಿಸಿ, ಪ್ರಕಟಿಸುತ್ತೇವೆ.

— ಸಂಪಾದಕ