ಸಂಪಾದಕರ ಉತ್ತರ: ನಾಡು ಹೆಣ್ಣಾದಾಗ ಹೆಣ್ಣು ಎಲ್ಲಿದ್ದಳು?

ಕಳೆದ ಸಂಚಿಕೆಯಲ್ಲಿ ಐರಿಷ್ ಸಾಹಿತ್ಯ ಮತ್ತು ಚಿತ್ರಕಲೆಯ ಬಗ್ಗೆ ಬಂದ ಲೇಖನ ಓದಿ ಧಾರವಾಡದ ನಿವೃತ್ತ ಅಧ್ಯಾಪಕರೊಬ್ಬರು ದೀರ್ಘವಾದ ಕಾಗದ ಬರೆದಿದ್ದಾರೆ. ಅದರ ತಿರುಳು ಇಷ್ಟು: "ನಾಡನ್ನು ತಾಯಿಯೆಂದು ಹಾಡಿದ ಕವಿಗಳನ್ನು ನಿಮ್ಮ ಲೇಖಕರು ಕಟಕಟೆಗೆ ತಂದು ನಿಲ್ಲಿಸಿದ್ದಾರೆ. ತಾಯಿ ಎಂದು ಕರೆಯುವುದು ಗೌರವವಲ್ಲವೇ? ಕವಿತೆಗೂ ಚಿತ್ರಕ್ಕೂ ಲಿಂಗ, ರಾಜಕೀಯದ ಬಣ್ಣ ಬಳಿದರೆ ರಸ ಕೆಡುತ್ತದೆ. ಅಷ್ಟಕ್ಕೂ ಐರ್ಲೆಂಡಿನ ಈ ತಕರಾರು ಕನ್ನಡದವರಿಗೆ ಯಾಕೆ ಬೇಕು?"

ಮಾನ್ಯರೇ,

ರಾಜಕೀಯದ ಬಣ್ಣವನ್ನು ಯಾರೋ ಆಮೇಲೆ ಬಂದು ಬಳಿದದ್ದಲ್ಲ. ಐರ್ಲೆಂಡಿನಲ್ಲಿ ಅದು ಕೃತಿಯ ಜೊತೆಗೇ ಹುಟ್ಟಿತು. 1902ರ ಏಪ್ರಿಲ್‌ನಲ್ಲಿ ಡಬ್ಲಿನ್ನಿನಲ್ಲಿ ಕವಿ ಯೇಟ್ಸ್ ಅವರ 'ಕ್ಯಾಥ್ಲೀನ್ ನಿ ಹೂಲಿಹಾನ್' ನಾಟಕ ಮೊದಲ ಸಲ ರಂಗಕ್ಕೆ ಬಂತು. ಕಥೆಯ ಕಾಲ ಬ್ರಿಟಿಷರ ವಿರುದ್ಧದ 1798ರ ದಂಗೆ. ಮೇಯೋ ಸೀಮೆಯ ಒಂದು ರೈತರ ಮನೆ, ಬೆಳಗಾದರೆ ಹಿರಿಯ ಮಗನ ಮದುವೆ. ಅಷ್ಟರಲ್ಲಿ ಮುದುಕಿಯೊಬ್ಬಳು ಬಾಗಿಲಿಗೆ ಬರುತ್ತಾಳೆ. ತನ್ನ ನಾಲ್ಕು ಹಸಿರು ಹೊಲಗಳನ್ನು ಹೊರಗಿನವರು ಕಿತ್ತುಕೊಂಡರೆಂದು ಹೇಳಿಕೊಳ್ಳುತ್ತಾಳೆ. ಅವಳೇ ಐರ್ಲೆಂಡ್. ಮದುಮಗ ಮದುವೆ ಬಿಟ್ಟು ಅವಳ ಬೆನ್ನುಹಿಡಿದು ಹೋರಾಟಕ್ಕೆ ನಡೆಯುತ್ತಾನೆ. ಮುದುಕಿ ರಾಣಿಯ ನಡಿಗೆಯ ತರುಣಿಯಾಗುತ್ತಾಳೆ. ಮನೆಯಲ್ಲಿ ಉಳಿದ ಮದುಮಗಳ ಹೆಸರು ಡೀಲಿಯಾ. ಅವಳು ಸದ್ದಿಲ್ಲದೆ ಅಳುತ್ತಾಳೆ, ಅತ್ತೆಯಾಗಬೇಕಿದ್ದವಳು ಅವಳನ್ನು ತಬ್ಬಿಕೊಳ್ಳುತ್ತಾಳೆ. ನಾಟಕ ಅಲ್ಲಿಗೆ ಮುಗಿಯುತ್ತದೆ. ನಾಡೆಂಬ ಹೆಣ್ಣಿಗೆ ಇಷ್ಟೊಂದು ಮಾತು ಕೊಟ್ಟ ನಾಟಕ ಡೀಲಿಯಾಳಿಗೆ ಕೊಟ್ಟದ್ದು ಕೆಲವೇ ಮಾತು, ಆಮೇಲೆ ಕಣ್ಣೀರು. ನಮ್ಮ ಲೇಖಕರ ಪ್ರಶ್ನೆ ಇದ್ದದ್ದು ಅವಳ ಬಗ್ಗೆ.

ಕಟಕಟೆಯ ಮಾತಿಗೆ ಬರುತ್ತೇನೆ. ಯೇಟ್ಸ್ ಅವರನ್ನು ಅಲ್ಲಿ ಮೊದಲು ನಿಲ್ಲಿಸಿದವರು ಯೇಟ್ಸ್ ಅವರೇ. ಬದುಕಿನ ಕೊನೆಗಾಲದ ಒಂದು ಕವಿತೆಯಲ್ಲಿ, 1916ರ ದಂಗೆಯ ನಂತರ ಇಂಗ್ಲಿಷರು ಗುಂಡಿಟ್ಟು ಕೊಂದ ಕೆಲವರನ್ನು ಸಾವಿಗೆ ಕಳಿಸಿದ್ದು ನನ್ನ ನಾಟಕವೇ ಎಂದು ತಮ್ಮನ್ನೇ ಕೇಳಿಕೊಂಡರು. ನಿದ್ದೆಗೆಡಿಸಿದ ಪ್ರಶ್ನೆ ಅದು. ಅವರು ಮಹಾಕವಿ ಎನ್ನುವುದರಲ್ಲಿ ನನಗೆ ನಿಮ್ಮಷ್ಟೇ ನಂಬಿಕೆಯಿದೆ; ಆ ಪ್ರಶ್ನೆ ಕೇಳಿಕೊಂಡದ್ದರಿಂದ ಆ ನಂಬಿಕೆ ಹೆಚ್ಚಾಗಿದೆ. ಆದರೆ "ನನ್ನ ನಾಟಕ" ಎಂಬ ಮಾತಿನಲ್ಲೇ ಒಂದು ತೊಡಕಿದೆ. ಅದನ್ನು ಅವರೊಬ್ಬರೇ ಬರೆಯಲಿಲ್ಲ. ರೈತರ ಮನೆಯ ಮಾತುಕತೆಯ ಬಹುಭಾಗ ನಾಟಕಕಾರ್ತಿ ಲೇಡಿ ಗ್ರೆಗರಿ ಅವರದು. ಹಸ್ತಪ್ರತಿಯ ಮೊದಲ ಭಾಗದಲ್ಲಿ 'ಇದೆಲ್ಲ ನನ್ನೊಬ್ಬಳದೇ' ಎಂದು ಅವರು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದಾರೆ. ಹಾಗಿದ್ದೂ ದಶಕಗಳ ಕಾಲ ಆ ನಾಟಕಕ್ಕೆ ಯೇಟ್ಸ್ ಹೆಸರೊಂದೇ ಇತ್ತು.

1916ರ ಈಸ್ಟರ್ ದಂಗೆಯ ಘೋಷಣಾಪತ್ರ "ಐರಿಷ್ ಪುರುಷರೇ, ಐರಿಷ್ ಮಹಿಳೆಯರೇ" ಎಂದೇ ಶುರುವಾಗುತ್ತದೆ. ಆ ಕಾಲಕ್ಕೆ ಅದು ದೊಡ್ಡ ಮಾತು. ಪ್ಯಾರಿಸ್ಸಿನಲ್ಲೂ ಲಂಡನ್ನಿನಲ್ಲೂ ಚಿತ್ರಕಲೆ ಕಲಿತಿದ್ದ ಕಾನ್‌ಸ್ಟನ್ಸ್ ಮಾರ್ಕೆವಿಚ್ ಬಂದೂಕು ಹಿಡಿದು ಅದರಲ್ಲಿ ಹೋರಾಡಿದರು. ಹೆಣ್ಣೆಂಬ ಕಾರಣಕ್ಕೆ ಅವರ ಮರಣದಂಡನೆ ಜೀವಾವಧಿ ಶಿಕ್ಷೆಯಾಯಿತು. ಆರು ದಿನಗಳ ಹೋರಾಟ ಸೋತಾಗ ಬಿಳಿ ಬಾವುಟ ಹಿಡಿದು ಗುಂಡಿನ ಮಳೆಯ ಬೀದಿಗೆ ಮೊದಲು ಇಳಿದದ್ದು ನರ್ಸ್ ಎಲಿಜಬೆತ್ ಓಫಾರೆಲ್. ನಾಯಕ ಪ್ಯಾಟ್ರಿಕ್ ಪಿಯರ್ಸ್ ಬ್ರಿಟಿಷ್ ಜನರಲ್‌ಗೆ ಶರಣಾಗುವ ಪ್ರಸಿದ್ಧ ಫೋಟೋ ಒಂದಿದೆ. ಓಫಾರೆಲ್ ಪಿಯರ್ಸ್ ಪಕ್ಕದಲ್ಲೇ ನಿಂತಿದ್ದರು. ಫೋಟೋದಲ್ಲಿ ಪಿಯರ್ಸ್ ಅವರ ಮರೆಯಿಂದ ಆಕೆಯ ಪಾದಗಳು, ಕೋಟಿನ ಅಂಚು ಅಷ್ಟೇ ಕಾಣುತ್ತವೆ. ಮುಂದೆ ಅಚ್ಚಾದ ಕೆಲವು ಪ್ರತಿಗಳಲ್ಲಿ ಆ ಪಾದಗಳನ್ನೂ ಅಳಿಸಿದರು. ಈ ಫೋಟೋವನ್ನು ನೀವು ಒಮ್ಮೆ ನೋಡಬೇಕು. ಇಡೀ ವಿಷಯ ಅಲ್ಲೇ ಇದೆ.

ಅದೇ ದಂಗೆಯಲ್ಲಿ ಏಮನ್ ಡಿ ವಲೆರಾ ತಮ್ಮ ತುಕಡಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. 1937ರ ಸಂವಿಧಾನ ಅವರ ನೇತೃತ್ವದಲ್ಲೇ ಬಂತು. ಮನೆಯೊಳಗಿನ ತನ್ನ ಬದುಕಿನಿಂದ ಹೆಣ್ಣು ದೇಶಕ್ಕೆ ಆಸರೆಯಾಗುತ್ತಾಳೆ, ಆ ಆಸರೆಯಿಲ್ಲದೆ ಸಮಾಜದ ಒಳಿತು ಸಾಧ್ಯವಿಲ್ಲ ಎಂದು ಅದರ 41ನೇ ವಿಧಿ ಹೇಳುತ್ತದೆ. ಓದಲು ಗೌರವದ ಮಾತೇ. ಸರ್ಕಾರಿ ನೌಕರಿಯಲ್ಲಿದ್ದ ಹೆಣ್ಣು ಮದುವೆಯಾದೊಡನೆ ಕೆಲಸ ಬಿಡಬೇಕೆಂಬ ನಿಯಮ ಅದೇ ದೇಶದಲ್ಲಿ 1973ರವರೆಗೆ ಇತ್ತು. ತಾಯಿ ಎಂಬ ಗೌರವ ಆಕೆಯ ಸಂಬಳಕ್ಕೆ ಕುತ್ತಾದದ್ದು ಹೀಗೆ. ಅದೇ ಹೊತ್ತಿನಲ್ಲಿ ದೇಶದ ನೋಟುಗಳ ಮೇಲೆ ಕ್ಯಾಥ್ಲೀನ್ ಮೆರೆಯುತ್ತಿದ್ದಳು: ಶಾಲು ಹೊದ್ದು ಹಾರ್ಪ್ ವಾದ್ಯಕ್ಕೆ ಒರಗಿದ ಚೆಲುವೆ, ಹಿಂದೆ ಗುಡ್ಡ, ಸರೋವರ. ಚಿತ್ರ ಬರೆದವರು ಜಾನ್ ಲೇವರಿ. ರೂಪದರ್ಶಿ ಅವರ ಹೆಂಡತಿ ಹೇಜಲ್, ಶಿಕಾಗೋದಲ್ಲಿ ಹುಟ್ಟಿದ ಅಮೆರಿಕನ್ ಮಹಿಳೆ. 1928ರಿಂದ ಆ ಮುಖ ನೋಟುಗಳ ಮೇಲಿತ್ತು, ಆಮೇಲೆ ಯೂರೋ ಬರುವವರೆಗೂ ನೀರಚ್ಚಿನಲ್ಲಿ ಉಳಿಯಿತು. ಸಂತೆಗೆ ಮೊಟ್ಟೆ ಮಾರಲು ಹೋದ ಹಳ್ಳಿಯ ಹೆಂಗಸಿನ ಕೈಗೆ ಆ ನೋಟು ಬಂದಾಗ, ತನ್ನದೇ ನಾಡಿನ ಹೆಣ್ಣೆಂದು ತೋರಿಸಿದ ಆ ಮುಖದಲ್ಲಿ ಅವಳಿಗೆ ಏನು ಕಂಡಿರಬಹುದು ಎಂದು ನಾನು ಯೋಚಿಸುತ್ತಿರುತ್ತೇನೆ.

ಆ ಹೆಂಗಸನ್ನು ಕವಿತೆಯೊಳಕ್ಕೆ ಕರೆತಂದವರು ಐರಿಷ್ ಕವಯಿತ್ರಿ ಈವನ್ ಬೋಲಂಡ್. ನಮ್ಮ ಲೇಖಕರು ಅವರಿಗೆ ಒಂದೇ ಪ್ಯಾರಾ ಕೊಟ್ಟಿದ್ದರು. ನಾನಾಗಿದ್ದರೆ ಅರ್ಧ ಲೇಖನ ಕೊಡುತ್ತಿದ್ದೆ. ಕಾಲೇಜು ದಿನಗಳಲ್ಲಿ ಬೋಲಂಡ್ ಅಕಿಲ್ ದ್ವೀಪದ ಒಂದು ಗುಡಿಸಲಿನಲ್ಲಿ ರಜೆ ಕಳೆದರು. ಮನೆಗೆ ನೀರಿರಲಿಲ್ಲ. ವಯಸ್ಸಾದ ಹೆಂಗಸೊಬ್ಬಳು ಸಂಜೆ ಬಕೆಟ್ಟಿನಲ್ಲಿ ನೀರು ಹೊತ್ತು ತರುತ್ತಿದ್ದಳು. 1840ರ ದಶಕದ ಮಹಾಕ್ಷಾಮದಲ್ಲಿ ಅಲ್ಲಿನ ಜನ ಪಟ್ಟ ಪಾಡನ್ನು ಅವಳು ಕಣ್ಣಿಗೆ ಕಟ್ಟುವಂತೆ ಹೇಳಿದಳು. ಕೇಳಿಸಿಕೊಂಡ ಹುಡುಗಿ ಒಳಗೆ ಹೋಗಿ ಪರೀಕ್ಷೆಗಾಗಿ ಇಂಗ್ಲಿಷ್ ಆಸ್ಥಾನ ಕವಿಗಳನ್ನು ಬಾಯಿಪಾಠ ಮಾಡಿದಳು. ತನ್ನ ಕವಿತ್ವದ ಕೊರತೆ ಏನೆಂದು ಬೋಲಂಡ್ ಕಂಡುಕೊಂಡದ್ದು ವರ್ಷಗಳ ನಂತರ ಆ ಸಂಜೆಯನ್ನು ನೆನೆದಾಗ. ಪಿಯರ್ಸ್ 1912ರಲ್ಲಿ 'ನಾನೇ ಐರ್ಲೆಂಡ್' ಎಂಬ ಅರ್ಥದ 'ಮಿಶ ಏರೆ' ಎಂಬ ಕವಿತೆ ಬರೆದಿದ್ದರು. ಅಲ್ಲಿ ನಾಡು ವೀರಪುತ್ರನನ್ನು ಹೆತ್ತ ಪುರಾತನ ತಾಯಿ. 1980ರ ದಶಕದಲ್ಲಿ ಅದೇ ಹೆಸರಿನಲ್ಲಿ ಬೋಲಂಡ್ ಇನ್ನೊಂದು ಕವಿತೆ ಬರೆದರು. ಅಲ್ಲಿ 'ನಾನು' ಎನ್ನುವವಳು ಸೈನಿಕರ ಠಾಣೆಯ ವೇಶ್ಯೆ. ಸಾಯುತ್ತಿರುವ ಕೂಸನ್ನು ಎದೆಗವಚಿ ಹಡಗು ಹತ್ತಿದ ವಲಸೆಗಾರ್ತಿಯೂ ಅವಳೇ. ನಾಡಿನ ಪ್ರತಿಮೆಯನ್ನು ಬೋಲಂಡ್ ಒಡೆಯಲಿಲ್ಲ. ಅದರ ಬಾಯಿಂದ ಯಾರ ದನಿ ಹೊರಡಬೇಕೆಂದು ಬದಲಿಸಿದರು. ಒಂದೇ ತಲೆಮಾರಿನೊಳಗೆ ಐರಿಷ್ ಹೆಣ್ಣು ಕವಿತೆಯ ವಸ್ತುವಾಗಿದ್ದವಳು ಕವಿತೆಯ ಕರ್ತೃವಾದಳು ಎಂದು ಅವರು ಹೇಳಿದ್ದು ಅತಿಶಯವಲ್ಲ.

ಆದರೂ 1991ರಲ್ಲಿ ಮೂರು ಬೃಹತ್ ಸಂಪುಟಗಳಲ್ಲಿ ಬಂದ 'ಫೀಲ್ಡ್ ಡೇ' ಐರಿಷ್ ಸಾಹಿತ್ಯ ಸಂಕಲನದಲ್ಲಿ ಲೇಖಕಿಯರು ತೀರ ವಿರಳವಾಗಿದ್ದರು. ಗಲಾಟೆಯೇ ಆಯಿತು. ಬಿಟ್ಟುಹೋದವರನ್ನು ಸೇರಿಸಿ 2002ರಲ್ಲಿ ಇನ್ನೆರಡು ಸಂಪುಟ ತರಬೇಕಾಯಿತು, ಅವೂ ಚಿಕ್ಕವಲ್ಲ.

ಚಿತ್ರಕಲೆಯಲ್ಲಿ ಮೈನೀ ಜೆಲೆಟ್ 1923ರಲ್ಲೇ ಡಬ್ಲಿನ್ನಿನಲ್ಲಿ ಅಮೂರ್ತ ಚಿತ್ರ ತೋರಿಸಿ ಬೈಸಿಕೊಂಡ ಕಥೆ ಲೇಖನದಲ್ಲೇ ಇದೆ, ಅದನ್ನು ಮತ್ತೆ ಹೇಳುವುದಿಲ್ಲ. ನಿಮ್ಮ ರಸದ ಪ್ರಶ್ನೆಗೆ ನನ್ನ ಉತ್ತರ ಕ್ಯಾಥಿ ಪ್ರೆಂಡರ್‌ಗಾಸ್ಟ್ 1983ರಲ್ಲಿ ಮಾಡಿದ ಚಿತ್ರಮಾಲೆ. ಹಳೆಯ ಸರ್ವೆ ನಕ್ಷೆಗಳ ಶೈಲಿಯಲ್ಲಿ, ತೆಳುವಾದ ಶಾಯಿ ಗೆರೆ ಮತ್ತು ಜಲವರ್ಣದಲ್ಲಿ, ಹೆಣ್ಣಿನ ದೇಹವನ್ನೇ ಭೂಪ್ರದೇಶವಾಗಿ ಬರೆದಿದ್ದಾರೆ. ಆ ನೆಲಕ್ಕೆ ನೀರಾವರಿಯ ಯಂತ್ರಗಳು ಇಳಿದಿವೆ, ಒಡಲನ್ನು ಅಗೆದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಐರ್ಲೆಂಡನ್ನು ಅಂಗುಲ ಅಂಗುಲ ಅಳೆದು ನಕ್ಷೆ ಮಾಡಿದ ನೆನಪು ಅದರಲ್ಲಿದೆ. ನೆಲ ಹೆಣ್ಣಾದರೆ ಹೆಣ್ಣೂ ನೆಲವಾಗುತ್ತಾಳೆ, ಅಳೆಯಬಹುದು, ಅಗೆಯಬಹುದು ಎಂಬ ಭಯವಿದೆ. ಅಷ್ಟೆಲ್ಲ ಇದ್ದೂ ಆ ಚಿತ್ರಗಳು ಎಷ್ಟು ಸುಂದರ! ರಾಜಕೀಯ ತೆಗೆದರೆ ಅವುಗಳ ರಸವೂ ಹೋಗುತ್ತದೆ. ಆಲಿಸ್ ಮಾಹರ್ 1994ರಲ್ಲಿ ಮಾಡಿದ ಪುಟ್ಟ ಹುಡುಗಿಯ ಅಂಗಿಯೂ ಹಾಗೇ. ಅಂಗಿಯ ತುಂಬ ಕೆಂಪು ಕಾಡುಹಣ್ಣುಗಳು. ಅವನ್ನು ಹಿಡಿದಿಟ್ಟ ಗುಂಡುಪಿನ್ನುಗಳ ಮೊನೆ ಒಳಕ್ಕೆ, ತೊಡುವ ಮೈಯತ್ತ ಚಾಚಿದೆ.

ಕನ್ನಡದವರಿಗೆ ಯಾಕೆ ಎಂದಿರಿ. ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದ ಜೇಮ್ಸ್ ಕಸಿನ್ಸ್ ಐರಿಷ್ ಕವಿ ಎಂಬುದನ್ನು ನೀವೇ ಎಷ್ಟೋ ತರಗತಿಗಳಲ್ಲಿ ಹೇಳಿರುತ್ತೀರಿ. ಅವರ ಹೆಂಡತಿ ಮಾರ್ಗರೆಟ್ ಕಸಿನ್ಸ್ 1908ರಲ್ಲಿ ಐರಿಷ್ ಮಹಿಳಾ ಮತದಾನ ಸಂಘ ಕಟ್ಟಿದವರಲ್ಲಿ ಒಬ್ಬರು, ಆ ಹೋರಾಟಕ್ಕಾಗಿ ಜೈಲು ಕಂಡವರು, ಭಾರತಕ್ಕೆ ಬಂದು 1917ರಲ್ಲಿ ಇಲ್ಲಿನ ಮಹಿಳಾ ಸಂಘಟನೆಗೆ ಬುನಾದಿ ಹಾಕಿದವರು. ಗಂಡನ ಹೆಸರು ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಗಟ್ಟಿಯಾಗಿ ಉಳಿಯಿತು, ಹೆಂಡತಿಯದು ಉಳಿಯಲಿಲ್ಲ.

ಇನ್ನೊಂದು ನಂಟು ನೋವಿನದು. ಪ್ರೆಂಡರ್‌ಗಾಸ್ಟ್ ಆ ಚಿತ್ರಗಳನ್ನು ಮಾಡಿದ 1983ರಲ್ಲೇ ಐರ್ಲೆಂಡ್ ಎಂಟನೇ ತಿದ್ದುಪಡಿಯಿಂದ ಗರ್ಭಪಾತದ ನಿಷೇಧವನ್ನು ಸಂವಿಧಾನಕ್ಕೆ ಸೇರಿಸಿತು. 2012ರ ಅಕ್ಟೋಬರ್‌ನಲ್ಲಿ ಗಾಲ್ವೇ ಊರಿನಲ್ಲಿ ನಮ್ಮ ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ ತೀರಿಕೊಂಡರು. ಗರ್ಭ ಉಳಿಯುವುದಿಲ್ಲವೆಂದು ಗೊತ್ತಿದ್ದರೂ ಭ್ರೂಣದ ಎದೆಬಡಿತ ಇದೆಯೆಂದು ಗರ್ಭಪಾತ ನಿರಾಕರಿಸಿದ್ದರು; ಸೋಂಕು ಮೈಯೆಲ್ಲ ಹರಡಿತು. ಅವರಿಗೆ 31 ವರ್ಷ. ಮುಂದಿನ ಹೋರಾಟದಲ್ಲಿ ಆಲಿಸ್ ಮಾಹರ್ ಮತ್ತು ಕವಿ ಪೌಲಾ ಮೀಹನ್ ಸೇರಿ ಕಲಾವಿದರದ್ದೇ ಒಂದು ಸಂಘಟನೆ ಹುಟ್ಟಿತು. 2018ರ ಮೇ 25ರಂದು ಶೇ 66ರಷ್ಟು ಮತದಾರರು ಆ ತಿದ್ದುಪಡಿಯನ್ನು ಕಿತ್ತುಹಾಕಿದರು. ಆ ದಿನಗಳಲ್ಲಿ ಡಬ್ಲಿನ್ನಿನ ಒಂದು ಗೋಡೆಯ ಮೇಲೆ ಸವಿತಾ ಅವರ ಮುಖ ಬರೆದಿದ್ದರು. ಜನ ಬಂದು ಬಂದು ಚೀಟಿ ಅಂಟಿಸಿದರು, ಎಷ್ಟೋ ಚೀಟಿಗಳಲ್ಲಿ ಕ್ಷಮೆಯಾಚನೆ ಇತ್ತು.

ಇಲ್ಲಿ ನನ್ನನ್ನು ಒಂದು ಅಳುಕು ಕಾಡುತ್ತದೆ. ಐರ್ಲೆಂಡ್ ಮತ್ತೊಮ್ಮೆ ಒಬ್ಬ ಹೆಣ್ಣಿನ ಮುಖವನ್ನು ತನ್ನ ಲಾಂಛನ ಮಾಡಿಕೊಂಡಿತೇ? ಈ ಮುಖಕ್ಕೆ ಹೆಸರಿತ್ತು, ವೃತ್ತಿಯಿತ್ತು, ಊರಿತ್ತು. ಬೆಳಗಾವಿಯಲ್ಲಿ ಅಪ್ಪ ಅಮ್ಮ ಇದ್ದರು, ಮಗಳ ನೆನಪಿನಲ್ಲಿ ಮತ ಹಾಕಿ ಎಂದು ಐರಿಷ್ ಜನರನ್ನು ಅವರೇ ಕೇಳಿಕೊಂಡರು. ಹಾಗಾಗಿ ಕ್ಯಾಥ್ಲೀನ್‌ಗೂ ಈ ಚಿತ್ರಕ್ಕೂ ದೊಡ್ಡ ಅಂತರವಿದೆ ಎಂದು ನಾನು ನಂಬುತ್ತೇನೆ. ಧಾರವಾಡದಿಂದ ಬೆಳಗಾವಿ ದೂರವಲ್ಲ. ಈ ಚಿತ್ರದ ಬಗ್ಗೆ ನಿಮಗೇನು ಅನ್ನಿಸುತ್ತದೆಂದು ಬರೆಯಿರಿ. ಅದು ನನ್ನ ನಂಬಿಕೆಗೆ ವಿರುದ್ಧವಾಗಿದ್ದರೂ ಪೂರ್ತಿ ಅಚ್ಚು ಹಾಕುತ್ತೇನೆ.

ಸಂಪಾದಕ