ಬೆಳಗಿನ ಮಾತ್ರೆ, ರಾತ್ರಿಯ ಮದ್ಯ ಮತ್ತು ಹೇಳದೆ ಉಳಿದ ಮಾತು

ಹೆಸರು ಪ್ರಕಟಿಸಬಾರದೆಂದು ಕೋರಿ, ದಾವಣಗೆರೆ ಮೂಲದ, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಓದುಗರೊಬ್ಬರು ಬರೆದ ಪತ್ರದ ಸಾರ ಇದು: “ನನಗೆ 26 ವರ್ಷ. ಎಡಿಎಚ್‌ಡಿ (ಗಮನ ನಿಲ್ಲದ, ಆತುರ ಹೆಚ್ಚಿರುವ ತೊಂದರೆ) ಇದೆಯೆಂದು ಗುರುತಿಸಿದ ಮನೋವೈದ್ಯರು, ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಮೀಥೈಲ್‌ಫೆನಿಡೇಟ್ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಳ್ಳಲು ಹೇಳಿದ್ದಾರೆ. ಅದರಿಂದ ನನ್ನ ಕೆಲಸ ಬಹಳ ಸುಧಾರಿಸಿದೆ. ಶನಿವಾರ ರಾತ್ರಿ ಗೆಳೆಯರೊಂದಿಗೆ ಎರಡು ಮೂರು ಪೆಗ್ ಕುಡಿಯುತ್ತೇನೆ. ಮೊದಲಿನಷ್ಟು ಅಮಲೇರುವುದಿಲ್ಲ, ಆದರೆ ಮಲಗಿದ ಮೇಲೆ ಎದೆ ಜೋರಾಗಿ ಬಡಿದುಕೊಳ್ಳುತ್ತದೆ. ನನ್ನ ಚಿಕ್ಕಪ್ಪ 38ನೆಯ ವಯಸ್ಸಿನಲ್ಲಿ ಮಲಗಿದಲ್ಲೇ ತೀರಿಕೊಂಡರು. ಇದ್ಯಾವುದನ್ನೂ ವೈದ್ಯರಿಗೆ ಹೇಳಿಲ್ಲ; ಹೇಳಿದರೆ ಮಾತ್ರೆ ನಿಲ್ಲಿಸಿಬಿಡುತ್ತಾರೆಂಬ ಭಯ. ಶನಿವಾರ ಮಾತ್ರ ಮಾತ್ರೆ ಬಿಟ್ಟರೆ ಸಾಕೇ?”

ಪ್ರಿಯ ಓದುಗರೇ, ಸಾಲದು. ನಾನು ವೈದ್ಯನಲ್ಲ, ಆದ್ದರಿಂದ ನಿಮ್ಮ ಮಾತ್ರೆಯ ಪ್ರಮಾಣದ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಅತ್ಯಂತ ಮಹತ್ವದ ವಾಕ್ಯ ಮದ್ಯದ ಕುರಿತಾದದ್ದಲ್ಲ, ಚಿಕ್ಕಪ್ಪನವರ ಕುರಿತಾದದ್ದು ಎಂಬುದನ್ನು ಮೊದಲೇ ಹೇಳಬೇಕಾಗಿದೆ. ಅದಕ್ಕೆ ಮುಂದೆ ಬರುತ್ತೇನೆ.

ಬೆಳಿಗ್ಗೆ ನುಂಗಿದ ಮಾತ್ರೆಗೂ ರಾತ್ರಿ ಕುಡಿಯುವ ಮದ್ಯಕ್ಕೂ ಸಂಬಂಧವಿಲ್ಲವೆಂದು ಹಲವರು ಭಾವಿಸುತ್ತಾರೆ. ಹನ್ನೆರಡು ಗಂಟೆ ಕೆಲಸ ಮಾಡುವಂತೆ ತಯಾರಿಸಿದ ಮೀಥೈಲ್‌ಫೆನಿಡೇಟ್ ಮಾತ್ರೆಯನ್ನು ಬೆಳಿಗ್ಗೆ ಎಂಟಕ್ಕೆ ತೆಗೆದುಕೊಂಡರೆ, ರಕ್ತದಲ್ಲಿ ಅದರ ಪ್ರಮಾಣ ಗರಿಷ್ಠ ಮಟ್ಟ ಮುಟ್ಟುವುದೇ ಮಧ್ಯಾಹ್ನ ಎರಡರಿಂದ ಸಂಜೆ ಆರರ ನಡುವೆ. ನೀವು ಮೊದಲ ಪೆಗ್ ಎತ್ತುವ ಹೊತ್ತಿಗೆ ಔಷಧ ಇನ್ನೂ ದೇಹದಲ್ಲಿ ಸಾಕಷ್ಟಿರುತ್ತದೆ. ಈ ಔಷಧವನ್ನು ನಿಷ್ಕ್ರಿಯಗೊಳಿಸುವ ಕೆಲಸವನ್ನು ಯಕೃತ್ತಿನಲ್ಲಿರುವ ಕಾರ್ಬಾಕ್ಸಿಲ್‌ಎಸ್ಟರೇಸ್ 1 ಎಂಬ ಕಿಣ್ವ ಮಾಡುತ್ತದೆ. ಮದ್ಯ ಈ ಕೆಲಸಕ್ಕೆ ಅಡ್ಡಬರುವುದರಿಂದ ಔಷಧದ ಸಕ್ರಿಯ ಅಂಶ ರಕ್ತದಲ್ಲಿ ಹೆಚ್ಚುತ್ತದೆ. ಜೊತೆಗೆ ಅದೇ ಕಿಣ್ವ ಔಷಧದ ಸ್ವಲ್ಪ ಭಾಗವನ್ನು ಮದ್ಯದೊಂದಿಗೆ ಸೇರಿಸಿ ಎಥೈಲ್‌ಫೆನಿಡೇಟ್ ಎಂಬ ಇನ್ನೊಂದು ವಸ್ತುವನ್ನೂ ತಯಾರಿಸುತ್ತದೆ. ನಿಧಾನವಾಗಿ ಬಿಡುಗಡೆಯಾಗಬೇಕಾದ ಕೆಲವು ಬಗೆಯ ಕ್ಯಾಪ್ಸೂಲ್‌ಗಳು ಗಾಢ ಮದ್ಯದಲ್ಲಿ ಇಡೀ ದಿನದ ಔಷಧವನ್ನು ಬೇಗನೆ ಬಿಟ್ಟುಕೊಡುತ್ತವೆಂದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕಂಡುಬಂದಿದೆ. ವೈದ್ಯರು ಅಳೆದು ಕೊಟ್ಟ ಪ್ರಮಾಣ ಶನಿವಾರ ರಾತ್ರಿ ನಿಮ್ಮ ದೇಹದಲ್ಲಿ ಅದೇ ಪ್ರಮಾಣವಾಗಿ ಉಳಿದಿರುವುದಿಲ್ಲ.

ಅಮಲೇರುತ್ತಿಲ್ಲ ಎಂದು ನೀವು ಬರೆದದ್ದು ನನ್ನನ್ನು ಇನ್ನಷ್ಟು ಕಳವಳಕ್ಕೀಡುಮಾಡಿತು. ನಿಮ್ಮ ಮಾತ್ರೆಯಂಥ ಉತ್ತೇಜಕ ಔಷಧ ಮದ್ಯದ ಮಂಪರನ್ನು ಮರೆಮಾಡುತ್ತದೆಯೇ ಹೊರತು ರಕ್ತದಲ್ಲಿರುವ ಮದ್ಯವನ್ನು ಒಂದು ಹನಿಯೂ ಕಡಿಮೆ ಮಾಡುವುದಿಲ್ಲ. ‘ಇನ್ನು ಸಾಕು’ ಎಂದು ದೇಹ ಕೊಡುವ ಸೂಚನೆ ತಡವಾದಾಗ ಎರಡು ಪೆಗ್ ನಾಲ್ಕಾಗುವುದು ಸುಲಭ. ಔಷಧದ ಪ್ರಭಾವ ಇಳಿದ ಮೇಲೆ, ಅಂದರೆ ನೀವು ನಿದ್ದೆಯಲ್ಲಿರುವಾಗ, ಅಷ್ಟೂ ಮದ್ಯದ ಪರಿಣಾಮ ಒಟ್ಟಿಗೆ ಮೇಲೆ ಬೀಳುತ್ತದೆ. ಅಮಲಿಲ್ಲವೆಂದು ಬೈಕ್ ಹತ್ತಿದವರಿಗೂ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯವೇ, ಮತ್ತು ಕೈಕಾಲಿನ ಹಿಡಿತ ತಪ್ಪುವುದೂ ಆ ಮದ್ಯದ ಲೆಕ್ಕದಲ್ಲಿಯೇ.

ಈಗ ಹೃದಯದ ವಿಷಯ. ಈ ಔಷಧಗಳು ಸಾಮಾನ್ಯವಾಗಿ ನಾಡಿಬಡಿತವನ್ನು ನಿಮಿಷಕ್ಕೆ ಮೂರರಿಂದ ಆರರಷ್ಟು, ರಕ್ತದೊತ್ತಡವನ್ನು ಎರಡರಿಂದ ನಾಲ್ಕು ಅಂಕದಷ್ಟು ಏರಿಸುತ್ತವೆ. ಆರೋಗ್ಯವಂತ ಹೃದಯ ಇದನ್ನು ಲೆಕ್ಕಿಸುವುದಿಲ್ಲ. 2005ರ ಫೆಬ್ರವರಿಯಲ್ಲಿ ಕೆನಡಾ ಸರ್ಕಾರ ಹಠಾತ್ ಸಾವುಗಳ ವರದಿಗಳ ಹಿನ್ನೆಲೆಯಲ್ಲಿ ಎಡಿಎಚ್‌ಡಿಗೆ ಕೊಡುವ ಇನ್ನೊಂದು ಉತ್ತೇಜಕ ಔಷಧವಾದ, ಆಂಫೆಟಮೈನ್ ವರ್ಗದ ಅಡೆರಾಲ್ ಎಕ್ಸ್‌ಆರ್ ಮಾರಾಟವನ್ನು ತಡೆದು, ಪರಿಶೀಲನೆಯ ನಂತರ ಅದೇ ವರ್ಷದ ಆಗಸ್ಟ್‌ನಲ್ಲಿ ಎಚ್ಚರಿಕೆಗಳೊಂದಿಗೆ ಮತ್ತೆ ಅನುಮತಿಸಿತು. 2011ರಲ್ಲಿ ಅಮೆರಿಕದಲ್ಲಿ ಸುಮಾರು 12 ಲಕ್ಷ ಮಕ್ಕಳು ಮತ್ತು ಯುವಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನಕ್ಕೆ ಈ ಔಷಧಗಳಿಂದ ಹೃದಯಾಘಾತದಂಥ ಗಂಭೀರ ತೊಂದರೆಗಳು ಹೆಚ್ಚಿದ ಪುರಾವೆ ಸಿಗಲಿಲ್ಲ. 2023ರಲ್ಲಿ ಸ್ವೀಡನ್‌ನಿಂದ ಬಂದ ಅಧ್ಯಯನ ದೀರ್ಘಕಾಲದ ಬಳಕೆಗೂ ಅಧಿಕ ರಕ್ತದೊತ್ತಡಕ್ಕೂ ನಂಟು ಕಂಡಿತು, ಹಾಗಾಗಿ ಆಗಾಗ ಬಿಪಿ ನೋಡಿಸಿಕೊಳ್ಳುವುದು ಅಗತ್ಯ. ಮಾತ್ರೆಯನ್ನು ಕಂಡು ಹೆದರಬೇಕಿಲ್ಲವೆಂದು ನಾನು ಹೇಳುವುದು ಈ ಆಧಾರದ ಮೇಲೆ.

ಆದರೆ ಈ ಸಮಾಧಾನ ಹುಟ್ಟಿನಿಂದಲೇ ದೋಷವಿರುವ ಹೃದಯಕ್ಕೆ ಅನ್ವಯಿಸುವುದಿಲ್ಲ. ಹೃದಯದ ಸ್ನಾಯು ಅಸಹಜವಾಗಿ ದಪ್ಪವಾಗುವ ಕಾಯಿಲೆ, ವಿದ್ಯುತ್ ಲಯವನ್ನೇ ಕೆಡಿಸುವ ಲಾಂಗ್ ಕ್ಯೂಟಿ ಮತ್ತು ಬ್ರುಗಾಡಾ ದೋಷಗಳು ಬಹುಮಟ್ಟಿಗೆ ವಂಶದಲ್ಲಿ ಹರಿದುಬರುತ್ತವೆ, ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಬ್ರುಗಾಡಾ ಇರುವವರಲ್ಲಿ ಸಾವು ನಿದ್ದೆಯಲ್ಲಿ ಸಂಭವಿಸುವುದು ಹೆಚ್ಚು, ಅತಿಯಾದ ಮದ್ಯ ಅದನ್ನು ಕೆರಳಿಸುವ ಕಾರಣಗಳಲ್ಲೊಂದು. ಚಿಕ್ಕ ವಯಸ್ಸಿನಲ್ಲಿ ನಿದ್ದೆಯಲ್ಲೇ ತೀರಿಕೊಂಡವರೆಲ್ಲರಿಗೂ ಇಂಥ ದೋಷವಿತ್ತೆಂದು ಯಾರೂ ಹೇಳಲಾಗದು. ನಿಮ್ಮ ಚಿಕ್ಕಪ್ಪನವರಿಗೆ ಏನಾಗಿತ್ತೆಂದು ಮನೆಯವರು ‘ಹಾರ್ಟ್ ಫೇಲ್’ ಎಂದು ಹೇಳಿ ಮುಗಿಸಿರಬಹುದು, ನಮ್ಮ ಊರುಗಳಲ್ಲಿ ಹಾಗೆಯೇ ಆಗುತ್ತದೆ. ಆದರೂ 50 ವರ್ಷಕ್ಕೆ ಮುನ್ನ ಕುಟುಂಬದಲ್ಲಿ ಹಠಾತ್ ಸಾವು ಸಂಭವಿಸಿದೆಯೇ, ಶ್ರಮಪಟ್ಟಾಗ ತಲೆ ತಿರುಗಿ ಬಿದ್ದದ್ದುಂಟೇ, ಎದೆ ಬಡಿದುಕೊಳ್ಳುತ್ತದೆಯೇ ಎಂಬ ಪ್ರಶ್ನೆಗಳು ಈ ಮಾತ್ರೆ ಬರೆಯುವ ಮೊದಲು ಕೇಳಲೇಬೇಕಾದವು. ಅವುಗಳಲ್ಲಿ ಎರಡಕ್ಕೆ ನಿಮ್ಮ ಉತ್ತರ ‘ಹೌದು’. ನಿಮ್ಮ ತಂದೆಯವರನ್ನೂ ಹೃದ್ರೋಗ ತಜ್ಞರಿಗೆ ತೋರಿಸುವುದು ಒಳ್ಳೆಯದು. ನಿಮ್ಮಂತೆ ಈ ಮಾತ್ರೆ ನುಂಗುವ, ಬಾಲ್ಯದಲ್ಲಿ ಸಂಧಿವಾತ ಜ್ವರ ಬಂದು ಹೃದಯದ ಕವಾಟ ಕಿರಿದಾದವರೂ ನಮ್ಮ ಓದುಗರಲ್ಲಿರಬಹುದು. ಬಡಿತ ವೇಗವಾದಷ್ಟೂ ಅವರ ಹೃದಯಕ್ಕೆ ರಕ್ತ ತುಂಬಿಕೊಳ್ಳುವ ಸಮಯ ಕಡಿಮೆಯಾಗುವುದರಿಂದ ಆ ಸಮಾಧಾನ ಅವರಿಗೂ ಅನ್ವಯಿಸುವುದಿಲ್ಲ.

ಶನಿವಾರ ಮಾತ್ರೆ ಬಿಡುವ ನಿಮ್ಮ ಉಪಾಯದಲ್ಲಿ ಇನ್ನೊಂದು ತೊಡಕಿದೆ. ಮಾತ್ರೆಯಿಲ್ಲದ ದಿನ ನಿಮ್ಮ ಮೂಲ ತೊಂದರೆಯಾದ ಆತುರದ ಸ್ವಭಾವ ಮರಳುತ್ತದೆ, ಗ್ಲಾಸಿನ ಮುಂದೆ ಸಂಯಮ ಇನ್ನಷ್ಟು ಸಡಿಲುತ್ತದೆ. ಎಡಿಎಚ್‌ಡಿಗೂ ಕೊಡುವ ಕ್ಲೊನಿಡಿನ್‌ನಂಥ ಔಷಧವನ್ನು ತಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಏರುತ್ತದೆ, ಆದ್ದರಿಂದ ನಿಮ್ಮ ಉಪಾಯವನ್ನು ಗೆಳೆಯರಿಗೆ ಹೇಳಿಕೊಡಬೇಡಿ.

ವೈದ್ಯರು ಮಾತ್ರೆ ನಿಲ್ಲಿಸಬಹುದೆಂಬ ಭಯ ನನಗೆ ಅರ್ಥವಾಗುತ್ತದೆ. ಕೊನೆಗೂ ಗಮನ ಕೈಗೆ ಸಿಕ್ಕ ವ್ಯಕ್ತಿ ಅದನ್ನು ಕಳೆದುಕೊಳ್ಳಲು ಹಿಂಜರಿಯುವುದು ಸಹಜ. ಆದರೆ ಅವರ ಮುಂದೆ ಇರುವ ದಾರಿಗಳು ಒಂದಲ್ಲ. ಇಸಿಜಿ, ಅಗತ್ಯವಿದ್ದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಫಲಿತಾಂಶ ಸರಿಯಿದ್ದರೆ ಇದೇ ಮಾತ್ರೆ ಮುಂದುವರಿಯಬಹುದು, ಪ್ರಮಾಣ ಬದಲಾಗಬಹುದು, ಔಷಧವೇ ಬೇರೆಯಾಗಬಹುದು. ಸೋಮವಾರವೇ ಅವರಿಗೆ ಫೋನ್ ಮಾಡಿ ಚಿಕ್ಕಪ್ಪ, ಎದೆಬಡಿತ, ಶನಿವಾರದ ಪೆಗ್ ಮೂರನ್ನೂ ಹೇಳಿ. ಅಲ್ಲಿಯವರೆಗೆ ಮದ್ಯ ಬೇಡ, ಎನರ್ಜಿ ಡ್ರಿಂಕ್ ಬೇಡ, ನೆಗಡಿಗೆಂದು ಕೇಳದೆ ಮಾತ್ರೆ ನುಂಗುವುದೂ ಬೇಡ, ಏಕೆಂದರೆ ಅವುಗಳಲ್ಲಿರುವ ಫಿನೈಲ್‌ಎಫ್ರಿನ್ ಕೂಡ ಬಿಪಿ ಏರಿಸುತ್ತದೆ. ಕುಡಿಯುವುದನ್ನು ಬಿಡುವುದು ಕಷ್ಟವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ನಡುವೆ ಎದೆನೋವು ಬಂದರೆ, ಉಸಿರು ಕಟ್ಟಿದರೆ, ಪ್ರಜ್ಞೆ ತಪ್ಪಿದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕೆಂದು ನಿಮ್ಮ ಜೊತೆ ಕೋಣೆಯಲ್ಲಿರುವವರಿಗೂ ಹೇಳಿಡಿ, ಮಾತ್ರೆಯ ಹೆಸರನ್ನೂ ಪ್ರಮಾಣವನ್ನೂ ಅವರಿಗೆ ಬರೆದುಕೊಡಿ.